ಗೇಟಿನ ತನಕ ಹೋಗಿ ಹಿಂತಿರುಗಿದ ಮೇಷ್ಟರಿಗೆ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ, ವಯಸ್ಸು 44. ಹದಿನೈದು ವರ್ಷ ಕುಡಿದೆ. ಕಾಮಾಲೆಯಾಗಿ ಆಸ್ಪತ್ರೆ ಸೇರಿ ಬಂದ ಮೇಲೆ 41 ದಿನಗಳಿಂದ ಮುಟ್ಟಿಲ್ಲ. ಜಿಲ್ಲಾ ಕೇಂದ್ರದಲ್ಲಿ ನಡೆಯುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬಯಸುವವರ ಬಳಗ) ಸಭೆಗೆ ಹೋಗಲೇಬೇಕೆಂದು ವೈದ್ಯರು ಹೇಳಿದ್ದಾರೆ. ಸಭೆ ಚರ್ಚಿನ ಆವರಣದ ಒಂದು ಕೋಣೆಯಲ್ಲಿ. ಎರಡು ಸಲ ಗೇಟಿನ ತನಕ ಹೋಗಿ ಹಿಂತಿರುಗಿದೆ. ಒಳಗೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕುಳಿತಿದ್ದರೆ? ಮನಸ್ಸು ಗಟ್ಟಿಯಿದ್ದರೆ ಒಬ್ಬನೇ ಬಿಡಲಾಗದೆ? ಹೆಂಡತಿಗಂತೂ ಇನ್ನೂ ನಂಬಿಕೆ ಬಂದಿಲ್ಲ. ಬಾಗಿಲು ತೆರೆದ ಕೂಡಲೇ ನನ್ನ ಉಸಿರಿನ ವಾಸನೆ ನೋಡುತ್ತಾಳೆ.
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೇಷ್ಟರೇ, ಎರಡು ಸಲ ಬಸ್ಸು ಹತ್ತಿ ಅಷ್ಟು ದೂರ ಹೋದವರು ನೀವು. ಬೇಡವೆಂದು ತೀರ್ಮಾನಿಸಿದವರು ಹಾಗೆ ಹೋಗುವುದಿಲ್ಲ.

ಒಬ್ಬನೇ ಬಿಡಲಾಗದೆ ಎಂದು ಕೇಳಿದ್ದೀರಿ. ಹಾಗೆ ಬಿಟ್ಟವರೂ ಇದ್ದಾರೆ. ಆದರೆ ಎ.ಎ. ಹುಟ್ಟಿದ ಬಗೆಯನ್ನು ನೀವು ತಿಳಿಯಬೇಕು. 1935ರ ಮೇ ತಿಂಗಳಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ನ್ಯೂಯಾರ್ಕಿನ ವ್ಯವಹಾರಸ್ಥ ಬಿಲ್ ಎಂಬವರು ಅಮೆರಿಕದ ಏಕ್ರನ್ ಎಂಬ ಊರಿಗೆ ಹೋಗಿದ್ದರು. ಬಂದ ಕೆಲಸ ಕೆಟ್ಟು, ಹೋಟೆಲಿನಲ್ಲಿ ಒಬ್ಬರೇ ಉಳಿದಾಗ ಅಲ್ಲಿನ ಬಾರ್ ಅವರನ್ನು ಸೆಳೆಯತೊಡಗಿತು. ಆಗ ಅವರು ಊರಿನ ಪಾದ್ರಿಗಳಿಗೆ ದೂರವಾಣಿ ಮಾಡಿ, ತನ್ನಂತೆಯೇ ಕುಡಿತಕ್ಕೆ ಸಿಕ್ಕಿಬಿದ್ದವರು ಯಾರಾದರೂ ಮಾತಿಗೆ ಸಿಗುವರೇ ಎಂದು ವಿಚಾರಿಸಿದರು. ಸಿಕ್ಕವರು ಡಾ. ಬಾಬ್, ಶಸ್ತ್ರಚಿಕಿತ್ಸಕರು, ನಿಮ್ಮ ಹಾಗೆಯೇ ವೃತ್ತಿಯ ಮರ್ಯಾದೆಗೆ ಹೆದರಿದ್ದವರು. ಬಿಲ್ ಹೋದದ್ದು ಉಪದೇಶಿಸುವುದಕ್ಕಲ್ಲ, ತಾನು ಆ ದಿನ ಕುಡಿಯದೆ ಉಳಿಯುವುದಕ್ಕೆ. ಇಂದಿಗೂ ಸಭೆಯ ಜೀವಾಳ ಇದೇ: ಮಾತನಾಡುವವನು ತನಗಾಗಿ ಮಾತನಾಡುತ್ತಾನೆ, ಕೇಳುವವನಿಗೆ ಅದರಲ್ಲಿ ತನ್ನದೇ ಕಥೆ ಕೇಳಿಸುತ್ತದೆ. ನಿಮ್ಮ ಮನಸ್ಸು ದುರ್ಬಲವೆಂದು ಯಾರೂ ನಿಮ್ಮನ್ನು ಅಲ್ಲಿಗೆ ಕಳುಹಿಸುತ್ತಿಲ್ಲ. ಸಂಜೆ ಏಳರ ಹೊತ್ತಿಗೆ ಗಂಟಲು ಬಯಸುವುದು ಏನೆಂಬುದನ್ನು ವಿವರಿಸದೆಯೂ ಅರ್ಥಮಾಡಿಕೊಳ್ಳುವವರು ಮನೆಯಲ್ಲಿ ಸಿಗುವುದಿಲ್ಲ, ಅಷ್ಟೆ. ಸುಮಾರು ಹತ್ತು ಸಾವಿರ ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿದ, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯೂ, ರೋಗಿಗಳನ್ನು ವ್ಯವಸ್ಥಿತವಾಗಿ ಈ ಸಭೆಗಳಿಗೆ ಜೋಡಿಸುವ ಚಿಕಿತ್ಸೆಯಿಂದ ಪೂರ್ತಿ ಕುಡಿತ ಬಿಟ್ಟು ಉಳಿದವರು ಇತರ ಆಪ್ತಸಮಾಲೋಚನಾ ವಿಧಾನಗಳಿಗಿಂತ ಹೆಚ್ಚೆಂದು ಕಂಡುಕೊಂಡಿತು.

ಇನ್ನು ವಿದ್ಯಾರ್ಥಿಯ ತಂದೆಯ ವಿಷಯ. ಅವರು ಒಳಗಿದ್ದರೆ ನೀವು ಯಾಕೆ ಹೋಗಿದ್ದೀರೋ ಅದಕ್ಕೇ ಅವರೂ ಬಂದಿರುತ್ತಾರೆ. ನಿಮ್ಮನ್ನು ಕಂಡು ಅವರ ಎದೆಯೂ ಒಮ್ಮೆ ಝಲ್ಲೆಂದಿರುತ್ತದೆ. ಅಲ್ಲಿ ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯ ಹೊರತು ಸದಸ್ಯತ್ವಕ್ಕೆ ಬೇರೆ ಅರ್ಹತೆಯಿಲ್ಲ. ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಕಾನೂನಲ್ಲ, ಕಟ್ಟುಪಾಡು. ಆದರೆ ಅದನ್ನು ಮುರಿದರೆ ತಮ್ಮ ಆಸರೆಯೂ ಮುರಿಯುತ್ತದೆಂದು ಅಲ್ಲಿ ಕುಳಿತವರೆಲ್ಲರೂ ಬಲ್ಲರು. ಒಂದು ಮಾತನ್ನು ನೋವಾದರೂ ಹೇಳಬೇಕಾಗಿದೆ. ಹದಿನೈದು ವರ್ಷ ಕುಡಿದವರ ವಿಷಯ ಅವರ ಊರಿಗೆ ತಿಳಿಯದೆ ಇರುವುದಿಲ್ಲ, ಮುಂದಿನ ಬೆಂಚಿನ ಮಕ್ಕಳಿಗಂತೂ ಮೊದಲೇ ತಿಳಿದಿರುತ್ತದೆ. ಊರಿಗೆ ಇನ್ನೂ ತಿಳಿಯದಿರುವುದು ನೀವು ಬಿಟ್ಟಿದ್ದೀರಿ ಎಂಬುದು.

ಚರ್ಚಿನ ಕೋಣೆಯೆಂದು ಹಿಂಜರಿಯಬೇಡಿ. ಅದು ಜಾಗ ಮಾತ್ರ, ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ಕುಡಿತದಿಂದ ಹೊರಬರಲು ಅವರು ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿ ಬರುವುದು ‘ನಾವು ಅರಿತಂತೆ ದೇವರು’, ಅದನ್ನು ಆ ಗುಂಪಿನ ಶಕ್ತಿಯೆಂದೇ ತಿಳಿದು ನಡೆಯುವವರೂ ಉಂಟು. ಅದು ಒಗ್ಗದಿದ್ದರೆ, ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳೂ, ಶಿಬಿರದ ನಂತರ ಕೈಹಿಡಿಯುವ ನವಜೀವನ ಸಮಿತಿಗಳೂ ನಿಮ್ಮ ಕಡೆಯವರಿಗೆ ಪರಿಚಿತವೇ. ಸಭೆ ಎಲ್ಲಿದೆಯೆಂದೇ ತಿಳಿಯದ ಓದುಗರು ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.

ಆದರೆ ಸಭೆ ವೈದ್ಯರ ಬದಲಿಯಲ್ಲ. ಕಾಮಾಲೆ ಬಂದುಹೋದ ಯಕೃತ್ತಿಗೆ ಒಂದು ಗುಟುಕೂ ಅಪಾಯ, ತಪಾಸಣೆ ತಪ್ಪಿಸಬೇಡಿ. ಎಂದಾದರೂ ಜಾರಿ ಮತ್ತೆ ದಿನವೂ ಕುಡಿಯುವಂತಾದರೆ, ನಾಚಿಕೆಯಿಂದ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಲು ಹೋಗದೆ ಆಸ್ಪತ್ರೆಗೆ ಬನ್ನಿ, ಏಕೆಂದರೆ ಹಾಗೆ ನಿಲ್ಲಿಸಿದ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಮತ್ತು ಸನ್ನಿಯಂಥ ಸ್ಥಿತಿ ಪ್ರಾಣಕ್ಕೇ ಎರವಾಗಬಹುದು.

ನಿಮ್ಮ ಮನೆಯವರ ಮೇಲೆ ಬೇಸರಪಡಬೇಡಿ. ಹದಿನೈದು ವರ್ಷ ಗೇಟಿನ ಸದ್ದಿಗೆ ಕಿವಿಗೊಟ್ಟು ಕಾದವರು 41 ದಿನಗಳಲ್ಲಿ ನಿದ್ದೆ ಮಾಡಲಾರರು. ಕುಡಿಯುವವರ ಕುಟುಂಬಗಳಿಗೆಂದೇ 1951ರಿಂದ ಅಲ್-ಅನಾನ್ ಎಂಬ ಬೇರೆ ಬಳಗವಿದೆ, ಎ.ಎ.ಯ ಮುಕ್ತ ಸಭೆಗಳಿಗೂ ಮನೆಯವರು ಬರಬಹುದು. ಅವರ ದುಃಖಕ್ಕೂ ಕೇಳುವ ಕಿವಿ ಬೇಕು, ಅದು ನಿಮ್ಮದಾಗಿರಲು ಇನ್ನೂ ಸಮಯ ಹಿಡಿಯುತ್ತದೆ.

ಮೂರನೆಯ ಸಲ ಹೋಗುವ ಮುನ್ನ ನಿಮ್ಮ ವೈದ್ಯರಿಂದ ಆ ಗುಂಪಿನವರ ದೂರವಾಣಿ ಸಂಖ್ಯೆ ಪಡೆದು, ಗೇಟಿನ ಬಳಿ ಒಬ್ಬರು ನಿಂತಿರಲಿ ಎಂದು ಕೇಳಿಕೊಳ್ಳಿ. ಹೊಸಬರನ್ನು ಕರೆದೊಯ್ಯುವುದನ್ನು ಅವರು ತಮ್ಮ ಕೆಲಸವೆಂದೇ ಭಾವಿಸುತ್ತಾರೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಿ. ನಿಮ್ಮ ಸರದಿ ಬಂದಾಗ ಹೆಸರಷ್ಟೇ ಹೇಳಿ, ಈ ದಿನ ಕೇಳಲು ಬಂದಿದ್ದೇನೆ ಎಂದರೆ ಸಾಕು.