ಕಸದ ತೊಟ್ಟಿಗೆ ಸೆನ್ಸರ್ ಹಾಕಿದರೆ ಗಾಡಿಯ ಸುತ್ತಾಟ ಕಡಿಮೆಯಾಗುತ್ತಾ?

ಪ್ರಶ್ನೆ: ಊರಿನ ಸ್ವಚ್ಛತೆ ನೋಡಿಕೊಳ್ಳುವ ಕೆಲಸ ನನ್ನದು. ರಸ್ತೆ ಬದಿ, ಪಾರ್ಕ್ ಎಲ್ಲ ಸೇರಿ 200 ತೊಟ್ಟಿಗಳಿವೆ. ಗಾಡಿ ದಿನಾ ಎಲ್ಲ ಕಡೆ ಹೋಗುತ್ತದೆ. ಕೆಲವು ತೊಟ್ಟಿ ಅರ್ಧವೂ ತುಂಬಿರುವುದಿಲ್ಲ, ಕೆಲವು ಮಧ್ಯಾಹ್ನಕ್ಕೇ ತುಂಬಿ ಚೆಲ್ಲುತ್ತವೆ. ಎಲ್ಲಕ್ಕೂ ಸೆನ್ಸರ್ ಹಾಕಿಸಲೇ?

ಉತ್ತರ: ಒಂದೇ ಸಲ 200ಕ್ಕೂ ಬೇಡ. ಮೊದಲು ಎರಡು ವಾರ ಗಾಡಿಯವರ ಕೈಲೇ ಬರೆಸಿ: ಯಾವ ತೊಟ್ಟಿ, ಕಾಲು ತುಂಬಿತ್ತಾ, ಅರ್ಧವಾ, ಪೂರ್ತಿಯಾ. ದಿನಾ ಅದೇ ತೊಟ್ಟಿ ಚೆಲ್ಲುತ್ತಿದ್ದರೆ ಅಲ್ಲಿಗೆ ಬೇಕಿರುವುದು ದೊಡ್ಡ ತೊಟ್ಟಿ, ಸೆನ್ಸರ್ ಅಲ್ಲ. ಒಂದು ದಿನ ತುಂಬಿ, ಮೂರು ದಿನ ಖಾಲಿ ಇರುವಂಥವು ಇರುತ್ತವಲ್ವಾ, ಸೆನ್ಸರ್ ಹಾಕಬೇಕಾದ್ದು ಅವಕ್ಕೆ.

ಹೆಚ್ಚಾಗಿ ಬಳಸುವ ಸೆನ್ಸರ್ ಮುಚ್ಚಳದ ಒಳಗೆ ಕೂರುತ್ತದೆ. ಕಿವಿಗೆ ಕೇಳಿಸದ ಸದ್ದನ್ನು ಕೆಳಗೆ ಬಿಟ್ಟು, ಅದು ಕಸಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುತ್ತದೆ. ಒಂದು ಮೀಟರ್ ಆಳದ ಖಾಲಿ ತೊಟ್ಟಿಯಾದರೆ ಸುಮಾರು 6 ಮಿಲಿಸೆಕೆಂಡ್. ಕಸ ಏರಿದಷ್ಟೂ ಹೊತ್ತು ಕಡಿಮೆ. ದಿನಕ್ಕೆ ಕೆಲವೇ ಸಲ ಎದ್ದು, ಅಳೆದು, ತಂತಿಯಿಲ್ಲದೆ ಕಡಿಮೆ ವಿದ್ಯುತ್ತಿನಲ್ಲೇ ದೂರಕ್ಕೆ ಮಾಹಿತಿ ಸಾಗಿಸುವ ಲೋರಾವಾನ್ ಅಥವಾ ಎನ್‌ಬಿ-ಐಒಟಿ ಜಾಲದಲ್ಲಿ ಚಿಕ್ಕ ಸಂದೇಶ ಕಳಿಸಿ ಮತ್ತೆ ಮಲಗುತ್ತದೆ. ಹಾಗಾಗಿ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ.

ಅದು ಮೋಸ ಹೋಗುವುದೂ ಇದೆ. ಯಾರೋ ಒಂದು ರಟ್ಟಿನ ಡಬ್ಬ ತುರುಕುತ್ತಾರೆ, ಅದು ಬಾಯಲ್ಲೇ ಅಡ್ಡ ಸಿಕ್ಕಿಕೊಳ್ಳುತ್ತದೆ. ಕೆಳಗೆಲ್ಲ ಖಾಲಿ, ಪರದೆಯ ಮೇಲೆ ಮಾತ್ರ ‘ತುಂಬಿದೆ’. ಕಬ್ಬಿಣದ ತೊಟ್ಟಿಯಾದರೆ ಸಿಗ್ನಲ್ ಹೊರಗೆ ಬರಲು ಒದ್ದಾಡುತ್ತದೆ. ಖರೀದಿಗೆ ಮೊದಲು ನಿಮ್ಮದೇ ತೊಟ್ಟಿಯಲ್ಲಿ, ಮುಚ್ಚಳ ಹಾಕಿ, ಅದೇ ಜಾಗದಲ್ಲಿ ಪರೀಕ್ಷೆ ಮಾಡಿಸಿ. ಹಸಿ ಕಸ ಬೀಳುವ ತೊಟ್ಟಿಯನ್ನಂತೂ ತುಂಬುವವರೆಗೆ ಬಿಡಬೇಡಿ. ನಾತ, ನೊಣ ಸೆನ್ಸರ್‌ಗೆ ಗೊತ್ತಾಗುವುದಿಲ್ಲ.

ಇನ್ನು ಸುತ್ತಾಟದ ವಿಷಯ. ಸೆನ್ಸರ್ ಹಾಕಿಯೂ ಗಾಡಿ ಹಳೇ ದಾರಿಯಲ್ಲೇ ಹೋದರೆ ಸುಮ್ನೆ ದುಡ್ಡು ದಂಡ. ಮುಕ್ಕಾಲು ತುಂಬಿದ ತೊಟ್ಟಿಗಳ ಪಟ್ಟಿ ಬೆಳಿಗ್ಗೆ ಗಾಡಿ ಹೊರಡುವ ಮೊದಲೇ ಡ್ರೈವರ್ ಕೈಗೆ ಸಿಗಬೇಕು. ದಾರಿ ಹಾಕುವಾಗ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಓಣಿಯಲ್ಲಿ ಗಾಡಿ ತಿರುಗುವುದಿಲ್ಲ, ಎಲ್ಲಿ ಶಾಲೆ ಬಿಡುವ ಹೊತ್ತಿಗೆ ನಿಲ್ಲಿಸಲು ಜಾಗ ಇರುವುದಿಲ್ಲ ಅನ್ನುವುದು ಗೊತ್ತಿರುವುದು ಅವರಿಗೇ.