ಅಜೇಲಿಯಾ ಯಾಕೆ ಹೂ ಬಿಡಲಿಲ್ಲ
ಗಿಡ ಹುಲುಸಾಗಿದ್ದರೂ ಈ ವಸಂತದಲ್ಲಿ ಅಜೇಲಿಯಾ ಒಂದು ಹೂವನ್ನೂ ಬಿಡಲಿಲ್ಲ, ಚಳಿಗಾಲಕ್ಕೆ ಮುಂಚೆ ಸವರಿದ್ದೆ ಎಂದು ಬರೆದಿದ್ದೀರಿ. ಆ ಸವರಿದ್ದೇ ಕಾರಣ. ಮೊಗ್ಗು ಹಿಂದಿನ ಬೇಸಿಗೆಯಲ್ಲೇ ರೆಂಬೆಯ ತುದಿಯಲ್ಲಿ ಕಟ್ಟಿರುತ್ತದೆ. ಚಳಿಗಾಲದಲ್ಲಿ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ, ದುಂಡಗೆ ಉಬ್ಬಿಕೊಂಡಿದ್ದರೆ ಅದು ಹೂಮೊಗ್ಗು. ನೀವು ಕತ್ತರಿಸಿದ್ದು ಅದನ್ನೇ, ಪಾಪ. ಇನ್ನು ಮುಂದೆ ಹೂ ಬಾಡಿದ ಎರಡು ಮೂರು ವಾರದೊಳಗೆ ಸವರಿ, ಆಮೇಲೆ ಕತ್ತರಿ ಮುಟ್ಟಲೇಬೇಡಿ.

ಮಣ್ಣು ಹುಳಿಯಾಗಿರಬೇಕು, ಪಿಎಚ್ 4.5ರಿಂದ 6, ಸುಣ್ಣ ಬೇಡವೇ ಬೇಡ. ಬೇರು ಮೇಲ್ಮಣ್ಣಲ್ಲೇ ಹರಡುವುದರಿಂದ ಬುಡ ಕೆದಕದೆ ತರಗೆಲೆ ಹೊದಿಸಿ. ಮಧ್ಯಾಹ್ನದ ಬಿಸಿಲಿಗೆ ಮರೆ ಇರಲಿ. ಚಳಿ ಶುರುವಾಗುವ ಮುಂಚೆ ಒಳಗಿನ ಹಳೆ ಎಲೆ ಒಂದಿಷ್ಟು ಉದುರುತ್ತದೆ, ಗಾಬರಿಯಾಗಬೇಡಿ.