ರೆಡ್ ಸೋನ್ಯಾಳ ಶಪಥ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ, ಕತ್ತಿವರಸೆ ಮತ್ತು ಮಾಟಮಂತ್ರದ ಚಿತ್ರಗಳನ್ನು ಕುರಿತ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಅದರಲ್ಲಿ ಎರಡು ಆಕ್ಷೇಪಗಳಿವೆ. 1985ರ ‘ರೆಡ್ ಸೋನ್ಯಾ’ ಚಿತ್ರದ ನಾಯಕಿಯನ್ನು ಅಮೆರಿಕದ ಕತೆಗಾರ ರಾಬರ್ಟ್ ಇ. ಹೋವರ್ಡ್ ಸೃಷ್ಟಿಸಿದ ಪಾತ್ರವೆಂದು ನಾವು ಬರೆದದ್ದು ತಪ್ಪು ಎಂಬುದು ಒಂದು. ಹೆಣ್ಣನ್ನು ಯೋಧೆಯಾಗಿ ತೋರಿಸಿದರೆ ಪ್ರೇಕ್ಷಕರು ಒಪ್ಪುವುದಿಲ್ಲ ಎಂಬುದಕ್ಕೆ ಆ ಚಿತ್ರದ ಸೋಲೇ ಸಾಕ್ಷಿ ಎಂಬುದು ಇನ್ನೊಂದು.

ಮೊದಲನೆಯದನ್ನು ತಲೆಬಾಗಿ ಒಪ್ಪುತ್ತೇವೆ. ಹೋವರ್ಡ್ 1934ರಲ್ಲಿ ಪ್ರಕಟಿಸಿದ ಕತೆಯೊಂದರಲ್ಲಿ ಸೋನ್ಯಾ ಎಂಬ ಕೆಂಗೂದಲ ಹೋರಾಟಗಾರ್ತಿ ಇದ್ದಾಳೆ, ನಿಜ. ಆದರೆ ಅದು 1529ರಲ್ಲಿ ಸುಲ್ತಾನ್ ಸುಲೇಮಾನ್ ವಿಯೆನ್ನಾ ನಗರಕ್ಕೆ ಮುತ್ತಿಗೆ ಹಾಕಿದ ಕಾಲದ ಕತೆ, ಅವಳ ಬಳಿ ಕತ್ತಿಯ ಜೊತೆಗೆ ಪಿಸ್ತೂಲುಗಳೂ ಇವೆ, ಮಾಟಮಂತ್ರದ ಸುಳಿವಿಲ್ಲ. ಆ ಹೆಸರನ್ನೂ ಕೂದಲಿನ ಬಣ್ಣವನ್ನೂ ಎತ್ತಿಕೊಂಡು, ಹೋವರ್ಡ್ ಸೃಷ್ಟಿಸಿದ ಇನ್ನೊಬ್ಬ ನಾಯಕ ಕೋನನ್‌ನ ಕಲ್ಪಿತ ಪ್ರಾಚೀನ ಯುಗದಲ್ಲಿ ಹೊಸ ನಾಯಕಿಯನ್ನು ನಿಲ್ಲಿಸಿದವರು ಲೇಖಕ ರಾಯ್ ಥಾಮಸ್ ಮತ್ತು ಚಿತ್ರಕಾರ ಬ್ಯಾರಿ ವಿಂಡ್ಸರ್-ಸ್ಮಿತ್. ಅದು 1973ರ ಮಾರ್ವೆಲ್ ಕಾಮಿಕ್ಸಿನಲ್ಲಿ. ಆಗ ಇಂಗ್ಲಿಷಿನಲ್ಲಿ ಹೆಸರಿನ ಒಂದಕ್ಷರವೂ ಬದಲಾಯಿತು. ಕನ್ನಡ ಲಿಪಿಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲವೆಂಬುದು ನಮ್ಮ ತಪ್ಪಿಗೆ ನೆಪವಾಗಲಾರದು.

ಎರಡನೆಯ ಮಾತನ್ನು ಮಾತ್ರ ಒಪ್ಪಲಾರೆವು. ಸುಮಾರು 1.8 ಕೋಟಿ ಡಾಲರ್ ಖರ್ಚಿನ ಚಿತ್ರ ಅಮೆರಿಕದಲ್ಲಿ 70 ಲಕ್ಷ ಡಾಲರನ್ನೂ ಗಳಿಸಲಿಲ್ಲವೆಂಬುದು ಸರಿ. ಆದರೆ ಪ್ರೇಕ್ಷಕರು ನಾಯಕಿಯನ್ನು ನಂಬುವ ಮಾತು ಹಾಗಿರಲಿ, ಚಿತ್ರ ಮಾಡಿದವರೇ ಅವಳನ್ನು ನಂಬಲಿಲ್ಲ. ಸೋನ್ಯಾ ಆದ ಬ್ರಿಗಿಟ್ಟೆ ನೀಲ್ಸನ್‌ಗೆ ಅದು ಮೊದಲ ಚಿತ್ರ. ಪೋಷಕ ಪಾತ್ರದಲ್ಲಿದ್ದ ಆರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ಹೆಸರು ಪೋಸ್ಟರಿನಲ್ಲಿ ಅವಳ ಹೆಸರಿಗಿಂತ ಮುಂದೆ. ಕತೆಯೊಳಗೂ ಅದೇ ಹಾಡು: ಅವಳು ಒಂಟಿಯಾಗಿ ಹೊರಟಾಗಲೆಲ್ಲ ಆತನ ಪಾತ್ರ ಕ್ಯಾಲಿಡೋರ್ ಎಲ್ಲಿಂದಲೋ ಬಂದು ಕೈಜೋಡಿಸುತ್ತಾನೆ. ಕೊನೆಯ ದ್ವಂದ್ವವನ್ನು ಅವಳಿಗೇ ಬಿಟ್ಟಿದ್ದಾರೆ, ಅಷ್ಟು ಪುಣ್ಯ.

ನಮ್ಮನ್ನು ಹೆಚ್ಚು ಕಾಡಿದ್ದು ಅವಳ ಶಪಥ. ತನ್ನನ್ನು ಸಮಬಲದ ಕಾಳಗದಲ್ಲಿ ಸೋಲಿಸಿದವನಿಗೆ ಮಾತ್ರ ತಾನು ಒಲಿಯುವೆನೆಂದು ಸೋನ್ಯಾ ಹೇಳುತ್ತಾಳೆ. ದೇವೀಮಹಾತ್ಮೆ ಯಕ್ಷಗಾನವನ್ನು ಬೆಳಗಿನವರೆಗೆ ಕೂತು ನೋಡಿದವರಿಗೆ ಈ ಮಾತು ಹೊಸದಲ್ಲ. ಶುಂಭನ ದೂತ ಸುಗ್ರೀವ ಮದುವೆಯ ಪ್ರಸ್ತಾಪ ತಂದಾಗ, ಯುದ್ಧದಲ್ಲಿ ತನ್ನನ್ನು ಗೆದ್ದವನೇ ತನ್ನ ಪತಿ ಎಂದು ಹಿಂದೊಮ್ಮೆ ತಿಳಿಗೇಡಿತನದಿಂದ ಪ್ರತಿಜ್ಞೆ ಮಾಡಿಬಿಟ್ಟಿದ್ದೇನಲ್ಲ ಎಂದು ದೇವಿ ವಿನಯ ನಟಿಸುತ್ತಾಳೆ. ಗೆಲ್ಲುವವನು ಹುಟ್ಟಿಲ್ಲವೆಂದು ಅವಳಿಗೂ ಗೊತ್ತು, ಸಭೆಗೂ ಗೊತ್ತು. ಅಲ್ಲಿ ಶಪಥವೇ ಅಣಕ. ಚಿತ್ರದಲ್ಲಿ ಅದೇ ಶಪಥ, ಮನೆಯವರನ್ನು ಕಳೆದುಕೊಂಡು ಅತ್ಯಾಚಾರಕ್ಕೀಡಾದ ಹುಡುಗಿಯೊಬ್ಬಳು ತನ್ನ ಸುತ್ತ ಕಟ್ಟಿಕೊಂಡ ಕೋಟೆ. ಅದನ್ನು ಪ್ರಣಯದ ಆಟವಾಗಿಸಿದ್ದೇ ಎಡವಟ್ಟು.

ಆದರೂ ಆ ಆಟದ ದೃಶ್ಯವನ್ನೇ ತಾವು ಇನ್ನೊಮ್ಮೆ ನೋಡಬೇಕು. ಕಾಡಿನಲ್ಲಿ ಸೋನ್ಯಾ, ಕ್ಯಾಲಿಡೋರ್ ಇಬ್ಬರೂ ಕತ್ತಿ ಬೀಸುತ್ತಾರೆ, ಬೀಸುತ್ತಲೇ ಇರುತ್ತಾರೆ. ಕಡೆಗೆ ತೋಳು ಎತ್ತಲೂ ತ್ರಾಣವಿಲ್ಲದೆ ಇಬ್ಬರೂ ಬಸವಳಿಯುತ್ತಾರೆ. ನೋಡುತ್ತ ಕೂತ, ಅವರ ಜೊತೆಗಿದ್ದ ಬಾಲರಾಜನಿಗೂ ಅವನ ಸೇವಕನಿಗೂ ಅದೊಂದು ಪುಕ್ಕಟೆ ಮನರಂಜನೆ. ಯಾರೂ ಗೆಲ್ಲುವುದಿಲ್ಲ. ಇಡೀ ಚಿತ್ರದಲ್ಲಿ ಅವಳನ್ನು ಅವನಿಗೆ ಸರಿಸಮಳೆಂದು ಕ್ಯಾಮೆರಾ ಒಪ್ಪಿದ್ದು ಅಲ್ಲಿ ಎನಿಸುತ್ತದೆ.

ಇನ್ನೂ ಒಂದು ಮಾತು. ಮುಟ್ಟಿದ ಗಂಡಸರನ್ನು ಮಾಯ ಮಾಡಿಬಿಡುವ, ಹೆಂಗಸರು ಮಾತ್ರ ಮುಟ್ಟಬಲ್ಲ ಹಸಿರು ಗೋಳವೇ ಈ ಕತೆಯ ಬೀಜ. ಅದನ್ನು ಕಾಯುವವರು ಪೂಜಾರಿಣಿಯರು, ಕದಿಯುವವಳು ರಾಣಿ ಗೆಡ್ರೆನ್, ಅದರ ಬೆನ್ನು ಹತ್ತಿದವಳು ಸೋನ್ಯಾ. ಗೆಡ್ರೆನ್ ಆಗಿ ನಟಿಸಿದ ಸ್ಯಾಂಡಲ್ ಬರ್ಗ್‌ಮನ್ ಅವರಿಗೆ ನಾಯಕಿಯ ಪಾತ್ರವೇ ಮೊದಲು ಬಂದಿತ್ತು, ಅವರು ಖಳನಾಯಕಿಯನ್ನು ಆರಿಸಿಕೊಂಡರು. ಸರಿಯಾಗಿಯೇ ಆರಿಸಿಕೊಂಡರು ಎಂದು ನಮ್ಮ ಅನಿಸಿಕೆ, ಏಕೆಂದರೆ ಗೆಡ್ರೆನ್‌ಗೆ ನೆರವಾಗಲು ಯಾವ ಕ್ಯಾಲಿಡೋರನೂ ಓಡಿಬರುವುದಿಲ್ಲ.

ತಾವು ತೋರಿಸಿದ ತಪ್ಪಿಗೆ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ.

– ಸಂಪಾದಕ